ಪುಸ್ತಕ ಸಿಗಲಿಲ್ಲವೆಂದರೆ ಹೆಸರೇ ಇಲ್ಲವೆಂದೇ?

ಅಂತರಘಟ್ಟೆಯ ಸುತ್ತಿನ ಒಂದು ಹಳ್ಳಿಯ ನ್ಯಾಯಬೆಲೆ ಅಂಗಡಿಯ ಮುಂದೆ ಕಳೆದ ತಿಂಗಳು ನಾವು ಅರ್ಧ ದಿನ ಕುಳಿತಿದ್ದೆವು. ಊರಿನ ಹೆಸರನ್ನಾಗಲಿ ಅಂಗಡಿಯ ನಂಬರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ಸಾಹೇಬರ ಜೀಪು ಬಂದು ಅಂಗಡಿಯ ಹುಡುಗನನ್ನು ನಾಲ್ಕು ಮಾತು ಗದರಿಸಿ ಧೂಳೆಬ್ಬಿಸಿಕೊಂಡು ಹೋಗುತ್ತದೆ. ತಪ್ಪು ಎಲ್ಲಿದೆಯೋ ಅಲ್ಲೇ ಉಳಿಯುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ವಾಚಕರು ಇದನ್ನೋದಿ 'ಇದು ನಮ್ಮೂರೇ ಇರಬೇಕು' ಎಂದುಕೊಂಡರೆ ನಮ್ಮದೇನೂ ಅಭ್ಯಂತರವಿಲ್ಲ.

ಬೆಳಿಗ್ಗೆ ಎಂಟಕ್ಕೇ ಜನ ಚೀಲ ಹಿಡಿದು ಬಂದು ಕುಳಿತಿದ್ದರು. ಈರುಳ್ಳಿ ಹೊಲಕ್ಕೆ ಕಳೆ ಕೀಳಲು ಹೋಗಬೇಕಾದ ಹೆಂಗಸರು, ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಇಬ್ಬರು, ಕೋಲೂರಿಕೊಂಡು ಬಂದ ಮುದುಕರು. ಒಳಗೆ ಅಕ್ಕಿಯ ಮೂಟೆಗಳು ಅಟ್ಟಿ ಕಟ್ಟಿ ನಿಂತಿದ್ದುವು. ತಕ್ಕಡಿಯಿತ್ತು, ತೂಗುವವನಿದ್ದ, ತಿನ್ನುವವರಿದ್ದರು. ಇಲ್ಲದಿದ್ದುದು ಸರ್ವರ್ ಒಂದೇ. ಅಂಗೈಯಗಲದ ಯಂತ್ರದ ಮೇಲೆ ಒಂದು ಚಕ್ರ ಸುತ್ತುತ್ತಲೇ ಇತ್ತು. ಹುಡುಗ ಅದನ್ನು ಹಿಡಿದು ಬಾಗಿಲಿಗೆ ಬಂದ, ಜಗಲಿಯ ಮೇಲೆ ಹತ್ತಿದ, ರಸ್ತೆಗೆ ಹೋಗಿ ಆಕಾಶಕ್ಕೆ ಎತ್ತಿ ಹಿಡಿದ. ಚಕ್ರ ಸುತ್ತುವುದು ನಿಲ್ಲಲಿಲ್ಲ.

"ಸರ್ವರ್ ಇಲ್ಲ ಕಣಜ್ಜಿ, ನಾಳೆ ಬಾ" ಎಂದ ಮುಂದಿದ್ದ ಮುದುಕಿಗೆ.

"ನಿನ್ನೇನೂ ಹಂಗೇ ಅಂದ್ಯಲ್ಲೋ. ನಾನ್ಯಾರು ಅಂತ ನಿಂಗೆ ಗೊತ್ತಿಲ್ವೇನೋ? ನಿಮ್ಮವ್ವನ ಬಾಣಂತನಕ್ಕೆ ನೀರು ಕಾಯಿಸಿದೋಳು ನಾನು."

"ನಂಗೊತ್ತು ಕಣಜ್ಜಿ. ಮಿಷನ್ನಿಗೆ ಗೊತ್ತಾಗ್ಬೇಕಲ್ಲ."

ಅಷ್ಟರಲ್ಲಿ ಗಿರಣಿಯ ಕೂಲಿಯೊಬ್ಬ ನಮ್ಮ ಬಳಿಗೆ ಬಂದು ಒಂದು ಪ್ರಶ್ನೆ ಕೇಳಿದ. "ಮೇಷ್ಟ್ರೇ, ನನ್ನ ಹೆಸರು ತೆಗೆದಾಕಿದಾರಾ, ಇಲ್ಲಾ ಮಿಷನ್ ಕೆಟ್ಟಿದೆಯಾ? ಅದನ್ನಾದ್ರೂ ಹೇಳಿ. ಹೆಸರು ತೆಗೆದಿದ್ರೆ ತಾಲ್ಲೂಕಾಫೀಸಿಗೆ ಹೋಗ್ತೀನಿ. ಮಿಷನ್ ಕೆಟ್ಟಿದ್ರೆ ನಾಳೆ ಬರ್ತೀನಿ. ಏನೂ ಗೊತ್ತಾಗ್ದೇ ಎರಡೂ ಕಡೆ ಅಲೆದು ಮೂರು ದಿನದ ಕೂಲಿ ಹೋಯ್ತು."

ನಮಗೆ ಉತ್ತರ ಗೊತ್ತಿರಲಿಲ್ಲ. ಅಂಗಡಿಯ ಹುಡುಗನಿಗೂ ಗೊತ್ತಿರಲಿಲ್ಲ. ಇವತ್ತಿನ ನಮ್ಮ ಲೇಖನವೆಲ್ಲ ಆ ಕೂಲಿಯ ಪ್ರಶ್ನೆಯ ಮೇಲೆಯೇ.

ಪಕ್ಷದ ಕೆಲಸಕ್ಕೆ ಬರುವ ಮುಂಚೆ ನಾವು ಕೆಲವು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಒಮ್ಮೆ ಹೆಡ್ಮಾಸ್ಟರು ಬೀರುವಿನ ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಮೀಟಿಂಗಿಗೆ ಹೊರಟುಹೋದರು. ಹಾಜರಿ ಪುಸ್ತಕ ಬೀರುವಿನೊಳಗೆ. ಮಕ್ಕಳೆಲ್ಲ ಎದುರಿಗೇ ಕುಳಿತಿದ್ದಾರೆ. ನಾವೇನು ಮಾಡಬೇಕಾಗಿತ್ತು? 'ಪುಸ್ತಕದಲ್ಲಿ ನಿಮ್ಮ ಹೆಸರು ನೋಡಲಾಗದು, ಆದ್ದರಿಂದ ನೀವ್ಯಾರೂ ಶಾಲೆಗೆ ಬಂದಿಲ್ಲ, ಊಟವಿಲ್ಲ, ಮನೆಗೆ ನಡೆಯಿರಿ' ಎನ್ನಬೇಕಾಗಿತ್ತೇ? ಒಂದು ಹಾಳೆಯ ಮೇಲೆ ಬಂದವರ ಹೆಸರು ಬರೆದುಕೊಂಡೆವು, ಪಾಠ ಮಾಡಿದೆವು, ಬಿಸಿಯೂಟ ಬಡಿಸಿದೆವು. ಮಾರನೆಯ ದಿನ ಹಾಳೆಯಲ್ಲಿದ್ದುದನ್ನು ಪುಸ್ತಕಕ್ಕೆ ಏರಿಸಿದೆವು. ಇದನ್ನು ನಮಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಪುಸ್ತಕದಲ್ಲಿ ಹುಡುಗನ ಹೆಸರಿಲ್ಲದಿರುವುದು ಒಂದು ಸಂಗತಿ, ಪುಸ್ತಕವೇ ಕೈಗೆ ಸಿಗದಿರುವುದು ಇನ್ನೊಂದು ಸಂಗತಿ ಎಂಬುದು ನಾಲ್ಕನೆಯ ತರಗತಿಯ ಹುಡುಗನಿಗೂ ತಿಳಿಯುತ್ತದೆ. ನಮ್ಮ ಸರ್ಕಾರಗಳಿಗೆ ಮಾತ್ರ ತಿಳಿದಿಲ್ಲ, ಅಥವಾ ತಿಳಿಯಲು ಮನಸ್ಸಿಲ್ಲ.

ಆ ಮುದುಕಿ ಹೆಬ್ಬೆಟ್ಟು ಒತ್ತಿದಾಗ ಏನಾಗುತ್ತದೆಂಬುದನ್ನು ಸ್ವಲ್ಪ ನೋಡೋಣ. ಬೆರಳಿನ ಗುರುತು ಯಂತ್ರದಿಂದ ಮೊಬೈಲ್ ಟವರಿಗೆ ಹೋಗಬೇಕು. ಅಲ್ಲಿಂದ ಆಹಾರ ಇಲಾಖೆಯ ಸರ್ವರಿಗೆ. ಅಲ್ಲಿಂದ ಆಧಾರ್ ಪ್ರಾಧಿಕಾರದ ಕೇಂದ್ರ ಭಂಡಾರಕ್ಕೆ. ಆ ಭಂಡಾರದ ಯಂತ್ರಶಾಲೆಗಳಿರುವುದು ಬೆಂಗಳೂರಿನಲ್ಲಿ ಮತ್ತು ಹರಿಯಾಣದ ಮಾನೇಸರಿನಲ್ಲಿ. ಅಲ್ಲಿ ಗುರುತನ್ನು ತಾಳೆ ನೋಡಿ 'ಹೌದು' ಅಥವಾ 'ಅಲ್ಲ' ಎಂಬ ಉತ್ತರ ಬಂದ ದಾರಿಯಲ್ಲೇ ಹಿಂದಿರುಗಬೇಕು. ಇಷ್ಟು ಕೊಂಡಿಗಳಲ್ಲಿ ಎಲ್ಲಿ ಒಂದು ಕಳಚಿದರೂ ಅಜ್ಜಿಯ ಚೀಲಕ್ಕೆ ಅಕ್ಕಿ ಬೀಳುವುದಿಲ್ಲ. ಕರೆಂಟು ಹೋದರೆ ಇಲ್ಲ, ಟವರಿನ ಬ್ಯಾಟರಿ ಸತ್ತರೆ ಇಲ್ಲ, ಬೆಂಗಳೂರಿನಲ್ಲಿ ಯಾರೋ ಸರ್ವರ್ ಬದಲಾಯಿಸುತ್ತಿದ್ದರೆ ಇಲ್ಲ. 2024ರ ಅಕ್ಟೋಬರಿನಲ್ಲಿ ರಾಜ್ಯದ ಪಡಿತರ ಸರ್ವರಿನ ತೊಂದರೆಯಿಂದ ವಿತರಣೆ ತಡವಾದದ್ದನ್ನು ವಾಚಕರು ಮರೆತಿರಲಾರರು. ಹಬ್ಬದ ತಿಂಗಳದು.

ಇದರಲ್ಲಿ ಒಂದು ಸ್ವಾರಸ್ಯವಿದೆ. ಭಂಡಾರದವರ ಯಂತ್ರ ಬರಿಯ 'ಅಲ್ಲ' ಎಂದು ಹೇಳಿ ಸುಮ್ಮನಾಗುವುದಿಲ್ಲ. ಏಕೆ ಅಲ್ಲ ಎಂಬುದಕ್ಕೆ ಒಂದು ನಂಬರನ್ನೂ ಕೊಡುತ್ತದೆ. ಬೆರಳು ಕೂಡದಿದ್ದರೆ 300. ಆಧಾರ್ ಸಂಖ್ಯೆಯೇ ಸರಿಯಿಲ್ಲದಿದ್ದರೆ 998. ಉತ್ತರವೇ ಬಾರದಿದ್ದರೆ ಅದು ಈ ಯಾವ ನಂಬರೂ ಅಲ್ಲ, ಬರಿಯ ಮೌನ. ಅಂದರೆ ಯಂತ್ರ ಕಟ್ಟಿದ ಇಂಜಿನಿಯರರಿಗೆ ಈ ವ್ಯತ್ಯಾಸಗಳೆಲ್ಲ ಚೆನ್ನಾಗಿ ಗೊತ್ತು. ಗೊತ್ತಿದ್ದುದು ದಾರಿಯಲ್ಲಿ ಎಲ್ಲೋ ಸೋರಿಹೋಗುತ್ತದೆ. ಅಂಗಡಿಯ ಬಾಗಿಲಿಗೆ ಬರುವ ಹೊತ್ತಿಗೆ ಎಲ್ಲ ನಂಬರುಗಳೂ ಎಲ್ಲ ಮೌನಗಳೂ ಸೇರಿ 'ಇವತ್ತು ಆಗಲ್ಲ, ನಾಳೆ ಬಾ' ಎಂಬ ಒಂದೇ ಮಾತಾಗಿರುತ್ತದೆ. ಗಿರಣಿಯ ಕೂಲಿಗೆ ಉತ್ತರ ಸಿಗದಿದ್ದುದು ಈ ಕಾರಣಕ್ಕೆ.

ಹೆಸರಿನ ಪುಸ್ತಕ ಕೈಕೊಡುವುದು ನಮ್ಮ ದೇಶದ ಬಡವರ ಪಾಲಿಗೆ ಮಾತ್ರ ಬಂದ ಕಷ್ಟವೆಂದು ಯಾರೂ ತಿಳಿಯಬಾರದು. ಇಂಟರ್ನೆಟ್ ಎಂಬ ಜಗದ್ವ್ಯಾಪಾರವೇ ಒಂದು ಹೆಸರಿನ ಪುಸ್ತಕದ ಮೇಲೆ ನಿಂತಿದೆ. ನಾವು ಫೋನಿನಲ್ಲಿ ಹೆಸರು ಒತ್ತುತ್ತೇವೆ. ಆ ಹೆಸರಿಗೆ ಯಾವ ನಂಬರಿನ ಯಂತ್ರವೆಂದು ಪುಸ್ತಕ ನೋಡಿ ಹೇಳುವ ಗುಮಾಸ್ತ ಯಂತ್ರಗಳು ಬೇರೆ ಇವೆ. ಮೊದಮೊದಲು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಒಂದು ಪಟ್ಟಿಯಿತ್ತು. ಎಲ್ಲರೂ ಅದರ ನಕಲು ತೆಗೆದುಕೊಂಡು ಹೋಗಿ ತಮ್ಮಲ್ಲಿಟ್ಟುಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಾಗಿ ಪಟ್ಟಿ ಸಾಲದಾದಾಗ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಹಂಚಿಕೊಂಡು ನಡೆಸುವ ಪುಸ್ತಕವೊಂದನ್ನು ರೂಪಿಸಿದರು. ಇಂದಿಗೂ ನಡೆದಿರುವುದು ಅದೇ. ಅದರಲ್ಲಿ ತಪ್ಪಾದಾಗ ಕೊಡುವ ಉತ್ತರಗಳಿಗೂ ನಂಬರುಂಟು. 'ಆ ಹೆಸರಿನವರು ಇಲ್ಲವೇ ಇಲ್ಲ' ಎಂಬುದಕ್ಕೆ 3. 'ನೋಡಿ ಹೇಳಲು ನನಗಾಗಲಿಲ್ಲ' ಎಂಬುದಕ್ಕೆ 2. ಈ ಎರಡನ್ನೂ ಕಲಸಿದರೆ ಅನರ್ಥವಾಗುತ್ತದೆಂದು ನಲವತ್ತು ವರ್ಷದ ಹಿಂದೆಯೇ ಅವರಿಗೆ ಹೊಳೆದಿತ್ತು.

ಇಷ್ಟಾದರೂ ಕೈಕೊಡುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್ ಎರಡೂ ಜಗತ್ತಿನಾದ್ಯಂತ ಸುಮಾರು ಆರು ತಾಸು ಸತ್ತುಬಿದ್ದುವು. ದುರಸ್ತಿ ಕೆಲಸದಲ್ಲಿ ಆದ ಒಂದು ತಪ್ಪಿನಿಂದ ಅವರ ಹೆಸರಿನ ಪುಸ್ತಕಕ್ಕೆ ಹೋಗುವ ದಾರಿಯೇ ಅಳಿಸಿಹೋಗಿತ್ತು. ಯಂತ್ರಗಳೆಲ್ಲ ಜೀವಂತವಾಗಿದ್ದುವು, ಅವು ಎಲ್ಲಿವೆಯೆಂದು ಹೇಳುವವರಿರಲಿಲ್ಲ. 2025ರ ಅಕ್ಟೋಬರ್ 20ರಂದು ಅಮೆಜಾನ್ ಕಂಪನಿಯ ವರ್ಜೀನಿಯಾದ ಯಂತ್ರಶಾಲೆಯಲ್ಲಿ ಇನ್ನೂ ಸೋಜಿಗದ ಘಟನೆ ನಡೆಯಿತು. ಪುಸ್ತಕ ಬರೆಯುವ ಎರಡು ಸ್ವಯಂಚಾಲಿತ ಗುಮಾಸ್ತರು ಒಬ್ಬರ ಮೇಲೊಬ್ಬರು ಬರೆದು ಕೊನೆಗೆ ಒಂದು ಮುಖ್ಯ ಹೆಸರಿನ ಮುಂದೆ ಏನೂ ಇಲ್ಲದ ಖಾಲಿ ಜಾಗ ಉಳಿಯಿತು. ಎಷ್ಟೋ ದೇಶಗಳಲ್ಲಿ ಬ್ಯಾಂಕು, ಆಟ, ಪಾಠಗಳೆಲ್ಲ ನಿಂತುವು. ಕೋಟ್ಯಧಿಪತಿಗಳ ಪುಸ್ತಕವೇ ಹೀಗೆ ಖಾಲಿ ಹಾಳೆ ತೋರಿಸಬಹುದಾದರೆ, ಅಂತರಘಟ್ಟೆಯ ಕಡೆಯ ಅಜ್ಜಿಗೆ 'ನಿನ್ನ ಹೆಸರು ಬರಲಿಲ್ಲ, ಆದ್ದರಿಂದ ನೀನಿಲ್ಲ' ಎಂದು ಹೇಳುವ ಧೈರ್ಯ ಇವರಿಗೆಲ್ಲಿಂದ ಬಂತು?

ಆ ಜನ ಇದಕ್ಕೆ ಕಂಡುಕೊಂಡ ಉಪಾಯವನ್ನೂ ಹೇಳಬೇಕು. 2020ರ ಮಾರ್ಚಿನಲ್ಲಿ ಇಂಟರ್ನೆಟ್ಟಿನ ನಿಯಮ ಬರೆಯುವ ಮಂಡಲಿ 8767ನೆಯ ನಂಬರಿನ ಪತ್ರವೊಂದನ್ನು ಹೊರಡಿಸಿತು. ಮೂಲ ಪುಸ್ತಕ ಕೈಗೆ ಸಿಗದಿದ್ದಾಗ, ಹಿಂದೆ ನೋಡಿ ಬರೆದಿಟ್ಟುಕೊಂಡ ಹಳೆಯ ಉತ್ತರವನ್ನೇ ಕೊಡಿ. ಒಂದರಿಂದ ಮೂರು ದಿನದವರೆಗೆ ಹಾಗೆ ಕೊಡಬಹುದು. ಈ ಮಧ್ಯೆ ಮೂಲವನ್ನು ಕೇಳುತ್ತಲೇ ಇರಿ. ಮೂಲದಿಂದಲೇ 'ಇಲ್ಲ' ಎಂಬ ಖಚಿತ ಉತ್ತರ ಬಂದರೆ ಆಗ ಹಳೆಯದನ್ನು ಬಿಡಿ. ಅದರ ಸಾರಾಂಶ ಇದು. ನಮ್ಮ ಹಳೆಯ ಹಾಜರಿ ಹಾಳೆಯ ಸಂಪ್ರದಾಯವನ್ನೇ ಅವರು ದೊಡ್ಡ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಫೋನಿನಲ್ಲಿ ಸಿನಿಮಾ ನೋಡುವವನಿಗೆ ಅಡಚಣೆಯಾಗಬಾರದೆಂದು ಇಷ್ಟು ಕಾಳಜಿ. ತಿಂಗಳ ಅಕ್ಕಿಗೆ ಬಂದವರಿಗೆ ಚಕ್ರ ಸುತ್ತುವುದನ್ನು ನೋಡುವ ಭಾಗ್ಯ.

ಕಾನೂನೇನು ಹೇಳುತ್ತದೆ? ಸರ್ಕಾರದವರು ಕಾನೂನಿಲ್ಲವೆನ್ನುವಂತಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿ ಆಳಿಗೆ ತಿಂಗಳಿಗೆ 5 ಕಿಲೋ ಧಾನ್ಯ, ಅಂತ್ಯೋದಯದ ಮನೆಗೆ 35 ಕಿಲೋ ಹಕ್ಕು. ಭಿಕ್ಷೆಯಲ್ಲ, ಹಕ್ಕು. ಆ ಕಾಯಿದೆಯ 8ನೆಯ ಕಲಮಿನಲ್ಲಿ, ಕೊಡಬೇಕಾದ ಧಾನ್ಯ ಕೊಡದಿದ್ದರೆ ಆಹಾರ ಭದ್ರತಾ ಭತ್ಯೆಯನ್ನು ರೂಪಾಯಿಯಲ್ಲಿ ಕೊಡಬೇಕೆಂದಿದೆ. ಸರ್ವರ್ ಇಲ್ಲದ ತಿಂಗಳಿಗೆ ಈ ಭತ್ಯೆ ಪಡೆದ ಒಬ್ಬನನ್ನಾದರೂ ನಾವು ಈ ಮೂರು ತಾಲ್ಲೂಕುಗಳಲ್ಲಿ ಇನ್ನೂ ಕಂಡಿಲ್ಲ. ಕಂಡವರಿದ್ದರೆ ನಮಗೆ ತಿಳಿಸಬೇಕು, ಸಂತೋಷದಿಂದ ಅಚ್ಚು ಹಾಕುತ್ತೇವೆ.

2016ರಲ್ಲಿ ಆಧಾರ್ ಕಾಯಿದೆ ಬಂತು. 2017ರ ಫೆಬ್ರವರಿಯಲ್ಲಿ ಪಡಿತರಕ್ಕೆ ಆಧಾರ್ ಬೇಕೆಂಬ ಕೇಂದ್ರದ ಆಜ್ಞೆ ಹೊರಟಿತು. ಅದೇ ವರ್ಷದ ಜುಲೈಯಲ್ಲಿ ನಮ್ಮದೇ ರಾಜ್ಯದ ಗೋಕರ್ಣದ ಬಳಿ ಒಂದೇ ಮನೆಯ ಮೂವರು ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಧಾರ್ ಜೋಡಣೆಯಾಗದೆ ಆ ಮನೆಗೆ ತಿಂಗಳುಗಟ್ಟಲೆ ಪಡಿತರ ನಿಂತಿತ್ತೆಂದು ಅಲ್ಲಿಗೆ ಹೋಗಿ ವಿಚಾರಿಸಿದ ಪಿ.ಯು.ಸಿ.ಎಲ್. ತಂಡ ವರದಿ ಮಾಡಿತು. ಅಧಿಕಾರಿಗಳು ಹಸಿವಿನ ಸಾವೆಂದು ಒಪ್ಪಲಿಲ್ಲ. ಸೆಪ್ಟೆಂಬರ್ 28ರಂದು ಜಾರ್ಖಂಡಿನ ಸಿಮ್ಡೇಗಾ ಜಿಲ್ಲೆಯಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಸತ್ತಳು. ಆ ಮನೆಯ ಕಾರ್ಡು ಆಧಾರಿಗೆ ಜೋಡಣೆಯಾಗಿಲ್ಲವೆಂದು ರದ್ದಾಗಿತ್ತು. ಅಲ್ಲಿಯ ಸರ್ಕಾರವೂ ಕಾಯಿಲೆಯ ಹೆಸರು ಹೇಳಿತು. ದೇಶದಲ್ಲೆಲ್ಲ ಕೂಗೆದ್ದ ಮೇಲೆ, 2017ರ ಅಕ್ಟೋಬರ್ 24ರಂದು ಆಧಾರ್ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿತು. ಬೆರಳು ಕೂಡದಿದ್ದರೆ ಕಣ್ಣಿನ ಗುರುತೋ ಫೋನಿಗೆ ಬರುವ ನಂಬರೋ ನೋಡಿ. ಅದೂ ಆಗದಿದ್ದರೆ, ಸಂಪರ್ಕ ಸಿಗದಿದ್ದರೆ, ಕಾರ್ಡನ್ನು ಕಣ್ಣಾರೆ ನೋಡಿ ಧಾನ್ಯ ಕೊಡಿ. ಹಾಗೆ ಕೊಟ್ಟುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದಿಡಿ. ಯಾರನ್ನೂ ಬರಿಗೈಲಿ ಕಳಿಸಬೇಡಿ ಎಂಬುದು ಅದರ ತಾತ್ಪರ್ಯ. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಯಾರಿಂದ ಸಾಧ್ಯ?

ಮುಂದೆ 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಆಧಾರ್ ಮೊಕದ್ದಮೆಯ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ, ಎಂಬತ್ತು ದಾಟಿದ ಮೇಲೆ, ಹೂಡಿದರು. 2024ರ ಅಕ್ಟೋಬರಿನಲ್ಲಿ ಕಾಲವಾದರು. ತೀರ್ಪು ಅವರ ಕಡೆಗೆ ಪೂರ್ತಿಯಾಗಿ ಬರಲಿಲ್ಲ. ನಾಲ್ವರು ಆಧಾರನ್ನು ಎತ್ತಿಹಿಡಿದರು, ಒಬ್ಬರು ಭಿನ್ನಮತ ಬರೆದರು. ಆದರೆ ಎತ್ತಿಹಿಡಿದವರು, ಗುರುತು ತಾಳೆಯಾಗದ ಕಾರಣಕ್ಕೆ ಅರ್ಹನಾದ ಯಾರಿಗೂ ಸೌಲಭ್ಯ ತಪ್ಪಿಸುವುದಿಲ್ಲವೆಂದು ಸರ್ಕಾರದ ಅಟಾರ್ನಿ ಜನರಲ್ ಕೊಟ್ಟ ಮಾತನ್ನು ದಾಖಲಿಸಿಕೊಂಡೇ ಎತ್ತಿಹಿಡಿದರು. ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ಕೊಟ್ಟ ಮಾತು ಅಂತರಘಟ್ಟೆಯ ಬಸ್ಸು ಹತ್ತುವಷ್ಟರಲ್ಲಿ ಎಲ್ಲಿ ಇಳಿದುಹೋಯಿತು?

ಆ ಹುಡುಗನನ್ನು ಕೇಳಿದೆವು, "ಬೇರೆ ರಿಜಿಸ್ಟರು ಎಲ್ಲಿದೆಯಪ್ಪ?" ಎಂದು. ಅಂಥದೊಂದು ಇದೆಯೆಂದೇ ಅವನು ಕೇಳಿರಲಿಲ್ಲ. "ಬರ್ಕೊಂಡು ಕೊಟ್ರೆ ಸ್ಟಾಕ್ ಕಮ್ಮಿ ತೋರ್ಸುತ್ತೆ ಸಾರ್, ನನ್ನ ಲೈಸೆನ್ಸ್ ಹೋಗುತ್ತೆ" ಎಂದ. ಅವನ ಭಯ ಸುಳ್ಳಲ್ಲ. ಕೊಡದಿದ್ದರೆ ಅವನನ್ನು ಕೇಳುವವರಿಲ್ಲ. ಕೊಟ್ಟರೆ ಕೇಳುವವರು ಹತ್ತು ಜನ. ಹೀಗಿರುವಾಗ ಬುದ್ಧಿಯಿರುವ ಯಾವ ಅಂಗಡಿಯವನು ಕೊಟ್ಟಾನು?

ಇನ್ನು ನಮ್ಮ ವರ್ತಕ ಬಂಧುಗಳ ಕಡೆಗೆ ತಿರುಗೋಣ. ಇದು ಬರಿಯ ಬಡವರ ರೇಷನ್ನಿನ ಮಾತು, ನಮಗೇನು ಎಂದು ಅವರು ಪುಟ ತಿರುವಬಾರದು.

2025ರ ಏಪ್ರಿಲ್ 12ರ ಶನಿವಾರ ದೇಶದಲ್ಲೆಲ್ಲ ಯು.ಪಿ.ಐ. ತಾಸುಗಟ್ಟಲೆ ಕೈಕೊಟ್ಟಿತು. ಅಂಥ ಹೊತ್ತಿನಲ್ಲಿ ಕಿರಾಣಿ ಅಂಗಡಿಯವರು ಏನು ಮಾಡುತ್ತಾರೆ? ಗುರುತಿನ ಗಿರಾಕಿಯಾದರೆ 'ಆಮೇಲೆ ಕೊಡಿ ಅಣ್ಣ' ಎಂದು ಉದ್ರಿ ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕೊಡುತ್ತಾರೆ. ಗುರುತಿಲ್ಲದವನಾದರೆ ನಗದು ಕೇಳುತ್ತಾರೆ. ಹಣ ಹೋಯಿತೋ ಇಲ್ಲವೋ ತಿಳಿಯದೆ ಚಕ್ರ ಸುತ್ತುತ್ತಿದ್ದರೆ 'ಎರಡನೇ ಸಲ ಒತ್ತಬೇಡಿ, ಸ್ವಲ್ಪ ತಡೆಯಿರಿ' ಎನ್ನುತ್ತಾರೆ, ಏಕೆಂದರೆ ಎರಡು ಸಲ ಹೋದೀತು. ಕೆಟ್ಟಾಗ ಹೇಗೆ ನಡೆದುಕೊಳ್ಳಬೇಕೆಂಬ ಶಾಸ್ತ್ರವೆಲ್ಲ ನಮ್ಮ ಸಂತೆಯ ವ್ಯಾಪಾರಿಗೆ ಕರತಲಾಮಲಕ. ಇದನ್ನು ಕಲಿಯಲು ಇಲಾಖೆಯವರು ವಿದೇಶಕ್ಕೆ ಹೋಗಬೇಕಾಗಿಲ್ಲ, ಅಜ್ಜಂಪುರದ ಸಂತೆಯಲ್ಲಿ ಒಂದು ಬೆಳಿಗ್ಗೆ ನಿಂತರೆ ಸಾಕು.

ಸರ್ಕಾರಕ್ಕೂ ಈ ವಿದ್ಯೆ ಗೊತ್ತಿಲ್ಲದಿಲ್ಲ. ಯಾರಿಗಾಗಿ ಎಂಬುದರ ಮೇಲೆ ನೆನಪಾಗುತ್ತದೆ. 2018ರ ಫೆಬ್ರವರಿ 1ರಂದು ಸರಕು ಸಾಗಣೆಗೆ ಇ-ವೇ ಬಿಲ್ ಕಡ್ಡಾಯವೆಂದರು. ಅಂದೇ ಸರ್ವರ್ ಕುಸಿಯಿತು. ಏನಾಯಿತು? ಲಾರಿಗಳನ್ನು ರಸ್ತೆಯಲ್ಲೇ ನಿಲ್ಲಿಸಿಕೊಂಡು 'ನಾಳೆ ಬಾ' ಎಂದರೇ? ಅಂದೇ ಕಡ್ಡಾಯವನ್ನು ಮುಂದೂಡಿದರು. ಏಪ್ರಿಲ್ 1ರಿಂದ ಮತ್ತೆ ಶುರುವಾಯಿತು. 2025ರ ಜನವರಿ 10ರಂದು ಜಿ.ಎಸ್.ಟಿ. ಪೋರ್ಟಲ್ ಕೆಟ್ಟಿತು; ಅಂದೇ ಗಡುವು 11ರಿಂದ 13ಕ್ಕೆ ಹೋಯಿತು. 2025ರ ಸೆಪ್ಟೆಂಬರ್ 15ರಂದು ಆದಾಯ ತೆರಿಗೆಯ ಪೋರ್ಟಲ್ ತೊಡರಿತು. ರಾತ್ರೋರಾತ್ರಿ ಒಂದು ದಿನ ಮುಂದಕ್ಕೆ ಹಾಕಿದರು. ಇದೆಲ್ಲ ಸರಿಯಾದದ್ದೇ. ನಾವು ಆಕ್ಷೇಪಿಸುವುದಿಲ್ಲ. ಪುಸ್ತಕದ ಬಾಗಿಲು ಮುಚ್ಚಿದ್ದು ಇಲಾಖೆಯ ತಪ್ಪು, ಬಂದವನ ತಪ್ಪಲ್ಲ ಎಂಬ ತತ್ವವನ್ನು ತೆರಿಗೆ ಕಟ್ಟುವವನ ವಿಷಯದಲ್ಲಿ ಒಂದೇ ದಿನದಲ್ಲಿ ಒಪ್ಪಿಕೊಂಡವರು, ಅಕ್ಕಿ ಪಡೆಯುವವನ ವಿಷಯದಲ್ಲಿ ಇಷ್ಟು ವರ್ಷವಾದರೂ ಏಕೆ ಒಪ್ಪಿಲ್ಲ ಎಂದಷ್ಟೇ ಕೇಳುತ್ತೇವೆ.

ಬ್ಯಾಂಕುಗಳಿಗೆ 2019ರ ಸೆಪ್ಟೆಂಬರ್ 20ರಂದು ರಿಸರ್ವ್ ಬ್ಯಾಂಕು ಒಂದು ಆಜ್ಞೆ ಮಾಡಿತು. ಯು.ಪಿ.ಐ.ನಲ್ಲಿ ಒಬ್ಬನ ಖಾತೆಯಿಂದ ಹೋದ ಹಣ ಇನ್ನೊಬ್ಬನ ಖಾತೆಗೆ ಸೇರದಿದ್ದರೆ ಮಾರನೆಯ ದಿನದೊಳಗೆ ಹಿಂದಿರುಗಿಸಬೇಕು, ಅಂಗಡಿಗೆ ಕೊಟ್ಟ ಹಣವಾದರೆ ಐದು ದಿನದೊಳಗೆ. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಗಿರಾಕಿ ಕೇಳದಿದ್ದರೂ ಕೊಡಬೇಕು. ದಿನಕ್ಕೆ ನೂರು ರೂಪಾಯಿ! ಗಿರಣಿಯ ಆ ಕೂಲಿಗೆ ಮೂರು ದಿನದ ಸಂಬಳ ಹೋಯಿತಲ್ಲ, ಅವನಿಗೆ ಈ ಲೆಕ್ಕ ಹಾಕುವವರಾರು? (ಹಾಗೆಯೇ, ಅದೇ ಯು.ಪಿ.ಐ. ಲೆಕ್ಕ ಹಿಡಿದು 2025ರ ಜುಲೈಯಲ್ಲಿ ನಮ್ಮ ಸಣ್ಣ ವರ್ತಕರಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟೀಸು ಕಳಿಸಿದಾಗ ಯಾವ ಸರ್ವರೂ ಕೆಟ್ಟಿರಲಿಲ್ಲ. ಪುಸ್ತಕ ಕೊಡುವ ಕೆಲಸಕ್ಕೆ ಕುಂಟುತ್ತದೆ, ಕೇಳುವ ಕೆಲಸಕ್ಕೆ ಓಡುತ್ತದೆ.)

ಮುದಿ ಕಾರ್ಮಿಕರ ಕಥೆಯೂ ಇದೇ. ದಾವಣಗೆರೆಯ ಮುಚ್ಚಿದ ಹತ್ತಿ ಗಿರಣಿಗಳಲ್ಲಿ ದುಡಿದು ಬಂದವರಂಥ ಹಿರಿಯರು ಭವಿಷ್ಯನಿಧಿಯ ಪಿಂಚಣಿಗಾಗಿ ವರ್ಷಕ್ಕೊಮ್ಮೆ 'ಬದುಕಿದ್ದೇನೆ' ಎಂದು ರುಜುವಾತು ಮಾಡಬೇಕು. 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಪಿಂಚಣಿ 1,000 ರೂಪಾಯಿ. ನೂಲೆಳೆದು, ಮಗ್ಗ ನಡೆಸಿ, ಅಡಿಕೆ ಸುಲಿದು, ಸಿಮೆಂಟು ಕಲಸಿ ಬೆರಳಿನ ಗೆರೆ ಸವೆದವರಿಗೆ ಯಂತ್ರ 'ಕೂಡಲಿಲ್ಲ' ಎನ್ನುತ್ತದೆ. ದುಡಿದಷ್ಟೂ ಗೆರೆ ಸವೆಯುತ್ತದೆ. ಸವೆದಷ್ಟೂ ಗುರುತು ಸಿಗುವುದಿಲ್ಲ. ಕೂತು ಉಂಡವರ ಬೆರಳನ್ನು ಯಂತ್ರ ಒಂದೇ ಸಲಕ್ಕೆ ಗುರುತಿಸುತ್ತದೆ.

ಈಗ ಎದುರಾಳಿಗಳ ವಾದವನ್ನು ಕೇಳೋಣ. ಅದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. 'ಬೆರಳೊತ್ತದೆ ಕೊಡಲು ಬಿಟ್ಟರೆ, ಅಂಗಡಿಯವರು ದಿನಾ ಸರ್ವರ್ ಇಲ್ಲವೆಂದು ಬರೆದು, ಸತ್ತವರ ಹೆಸರಿನಲ್ಲಿ ಅಕ್ಕಿ ಎತ್ತಿ ಕಾಳಸಂತೆಗೆ ಸಾಗಿಸುತ್ತಾರೆ. ಹಳೆಯ ಪುಸ್ತಕಗಳ ಕಾಲದಲ್ಲಿ ನಡೆದದ್ದು ಅದೇ ಅಲ್ಲವೇ?' ಎನ್ನುತ್ತಾರೆ. ನಡೆದದ್ದು ನಿಜ. ಬೋಗಸ್ ಕಾರ್ಡುಗಳ ಕಾಲವನ್ನು ನಾವೂ ಕಂಡವರೇ. ಪಡಿತರದ ಅಕ್ಕಿ ಅಡ್ಡದಾರಿಯಲ್ಲಿ ಪಾಲಿಶ್ ಆಗಿ ಹೊಸ ಚೀಲದಲ್ಲಿ ಬಂದದ್ದನ್ನು ಗಿರಣಿಯ ಕಾರ್ಮಿಕರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಆದರೆ ಬೆರಳಿನ ಯಂತ್ರ ಯಾವ ಕಳ್ಳತನವನ್ನು ಹಿಡಿಯುತ್ತದೆ? ಬಂದವನು ಯಾರೆಂಬುದನ್ನು ಹೇಳುತ್ತದೆ, ಎಷ್ಟು ತೂಗಿದರೆಂಬುದನ್ನು ಹೇಳುವುದಿಲ್ಲ. ಇಪ್ಪತ್ತು ಕಿಲೋಗೆ ಬೆರಳೊತ್ತಿಸಿಕೊಂಡು ಹದಿನೆಂಟು ತೂಗಿದರೆ ಯಂತ್ರದ ಪಾಲಿಗೆ ಎಲ್ಲವೂ ನ್ಯಾಯವೇ. ಅರ್ಥಶಾಸ್ತ್ರಜ್ಞರಾದ ಜಾನ್ ದ್ರೇಜ್, ರೀತಿಕಾ ಖೇರಾ ಮೊದಲಾದವರು ಜಾರ್ಖಂಡಿನ ಅನುಭವದ ಮೇಲೆ ಇದೇ ಮಾತನ್ನು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಇನ್ನು 'ಸರ್ವರ್ ಇಲ್ಲ' ಎಂಬ ಸುಳ್ಳು. ಸರ್ವರ್ ಇತ್ತೋ ಇಲ್ಲವೋ ಎಂಬುದು ಅಂಗಡಿಯವನ ಬಾಯಿಂದ ತಿಳಿಯಬೇಕಾದ ವಿಷಯವೇ? ಯಾವ ಗಳಿಗೆಯಲ್ಲಿ ಯಾವ ಅಂಗಡಿಯ ಯಂತ್ರ ಮಾತನಾಡಿತು, ಯಾವಾಗ ಮೌನವಾಯಿತು ಎಂಬ ಲೆಕ್ಕ ಇಲಾಖೆಯ ಯಂತ್ರದಲ್ಲೇ ಬೀಳುತ್ತದೆ. ಅಕ್ಕಪಕ್ಕದ ಹತ್ತು ಅಂಗಡಿಗಳಲ್ಲಿ ಸರ್ವರ್ ನಡೆಯುತ್ತಿದ್ದು ಒಂದರಲ್ಲಿ ಮಾತ್ರ ದಿನವೂ ಇಲ್ಲವೆಂದರೆ ಆ ಒಂದನ್ನು ಹೋಗಿ ನೋಡಲಿ. ಹತ್ತರಲ್ಲೂ ಇಲ್ಲದಿದ್ದರೆ ಆ ರಿಜಿಸ್ಟರಿನ ಹೆಸರುಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಸತ್ತವನ ಹೆಸರು ಓದಿದರೆ ಊರು ಸುಮ್ಮನಿರುತ್ತದೆಯೇ? ಆಹಾರ ಭದ್ರತಾ ಕಾಯಿದೆಯ 28ನೆಯ ಕಲಮು ಸಾಮಾಜಿಕ ತಪಾಸಣೆಯನ್ನೂ 29ನೆಯದು ಜಾಗೃತಿ ಸಮಿತಿಗಳನ್ನೂ ಹೇಳಿದ್ದು ಗೋಡೆಯ ಮೇಲೆ ಬರೆಸಲಿಕ್ಕಲ್ಲ.

ಕಳ್ಳನಿರಬಹುದೆಂಬ ಅನುಮಾನಕ್ಕೆ ಸಾಲಿನಲ್ಲಿ ನಿಂತ ಎಲ್ಲರನ್ನೂ ಉಪವಾಸ ಕೆಡವುವುದು ಕಾವಲಲ್ಲ. ಅಂತರಘಟ್ಟಮ್ಮನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಬರುವವರಲ್ಲೂ ಜೇಬುಗಳ್ಳರು ಇದ್ದೇ ಇರುತ್ತಾರೆ. ಅದಕ್ಕೆಂದು ಯಾರೂ ಜಾತ್ರೆಯ ಊಟಕ್ಕೆ ಬೀಗ ಹಾಕಿಲ್ಲ.

ಆದ್ದರಿಂದ ನಾವು ಕೇಳುವುದು ಹೊಸ ಯಂತ್ರವನ್ನಲ್ಲ. ಪ್ರತಿ ಅಂಗಡಿಯಲ್ಲೂ ಆ ಅಂಗಡಿಯ ಕಾರ್ಡುದಾರರ ಪಟ್ಟಿ, ಹೆಸರು ಮತ್ತು ಧಾನ್ಯದ ಪ್ರಮಾಣ ಸಹಿತ, ಕಾಗದದ ಮೇಲೆ ಅಚ್ಚಾಗಿ ಇರಬೇಕು, ತಿಂಗಳಿಗೊಮ್ಮೆ ಬದಲಾಗಬೇಕು. ಉತ್ತರವೇ ಬಾರದಿದ್ದಾಗ, ಅರ್ಧ ಗಂಟೆಗಿಂತ ಹೆಚ್ಚು ಕಾಯಿಸದೆ, ಪಟ್ಟಿ ನೋಡಿ ತೂಗಿ ಕೊಡಬೇಕು, ರಿಜಿಸ್ಟರಿನಲ್ಲಿ ಬರೆದು ರುಜು ಹಾಕಿಸಿಕೊಳ್ಳಬೇಕು, ಸರ್ವರ್ ಬಂದ ಮೇಲೆ ಏರಿಸಬೇಕು. ಹಾಗೆ ಬರೆದು ಕೊಟ್ಟ ಧಾನ್ಯವನ್ನು ಸ್ಟಾಕಿನಲ್ಲಿ ಕಳೆಯುವ ಜವಾಬ್ದಾರಿ ಇಲಾಖೆಯದು, ಅಂಗಡಿಯ ಹುಡುಗನ ಲೈಸೆನ್ಸಿನದಲ್ಲ. ಬೆರಳು ಕೂಡದಿದ್ದರೆ ಇನ್ನೊಂದು ಬೆರಳು, ಮನೆಯ ಇನ್ನೊಬ್ಬರು. ಆಗದಿದ್ದರೆ ಅದೇ ರಿಜಿಸ್ಟರು. ನಿಜವಾಗಿಯೂ ಹೆಸರು ತೆಗೆದಿದ್ದರೆ ಮಾತ್ರ 'ಇಲ್ಲ' ಎನ್ನಬೇಕು. ಆಗಲೂ ಬಾಯಲ್ಲಿ ಹೇಳಿ ಕಳಿಸಕೂಡದು; ಯಾವ ತಾರೀಖಿನಲ್ಲಿ, ಯಾವ ಕಾರಣಕ್ಕೆ, ಯಾರ ಆಜ್ಞೆಯಂತೆ ತೆಗೆದರು, ಎಲ್ಲಿಗೆ ಅರ್ಜಿ ಹಾಕಬೇಕು ಎಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಡಬೇಕು. ಆ ಚೀಟಿ ಕೈಯಲ್ಲಿಲ್ಲದೆ ಯಾರನ್ನೂ ಅಂಗಡಿಯ ಮೆಟ್ಟಿಲಿಳಿಸಬಾರದು.

ಇದರಲ್ಲಿ ಖರ್ಚಿನ ಬಾಬು ಯಾವುದಿದೆ? ಒಂದು ಪಟ್ಟಿ, ಒಂದು ರಿಜಿಸ್ಟರು, ಒಂದು ಚೀಟಿಯ ಬುಕ್ಕು.

ಮಧ್ಯಾಹ್ನ ಒಂದೂವರೆಗೆ ಚಕ್ರ ನಿಂತು ಯಂತ್ರಕ್ಕೆ ಜೀವ ಬಂತು. ಅಷ್ಟರಲ್ಲಿ ಮುಕ್ಕಾಲು ಜನ ಎದ್ದುಹೋಗಿದ್ದರು. ಗಿರಣಿಯ ಕೂಲಿ ಹೆಬ್ಬೆಟ್ಟೊತ್ತಿದ, ಕೂಡಿತು. ಹೆಸರು ಪುಸ್ತಕದಲ್ಲೇ ಇತ್ತು, ಎಂದೂ ಹೋಗಿರಲೇ ಇಲ್ಲ. ಅಜ್ಜಿಯ ಮನೆಗೆ ಒಬ್ಬ ಹುಡುಗನನ್ನು ಓಡಿಸಿದೆವು. ಅವಳು ಬರುವಷ್ಟರಲ್ಲಿ ಮತ್ತೆ ಸರ್ವರ್ ಹೋಗಿತ್ತು.

ಮುಂದಿನ ತಿಂಗಳ ಮೊದಲ ವಾರ ನಾವು ಮೂರು ತಾಲ್ಲೂಕುಗಳಲ್ಲೂ ಅಂಗಡಿಗಳ ಮುಂದೆ ಕೂರುವವರಿದ್ದೇವೆ. ವಾಚಕರೂ ತಂತಮ್ಮ ಊರಿನಲ್ಲಿ ಕೂತು ಮೂರೇ ಸಂಗತಿ ಬರೆದುಕೊಳ್ಳಬೇಕು: ತಾರೀಖು ಮತ್ತು ವೇಳೆ, ಬಂದವರಿಗೆ ಹೇಳಿದ ಕಾರಣ ಯಾವುದು, ಬರೆದುಕೊಂಡು ಕೊಟ್ಟರೋ ಬರಿಗೈಲಿ ಕಳಿಸಿದರೋ. ಅಂಗಡಿಯವನೊಡನೆ ಜಗಳ ಬೇಡ. ರಿಜಿಸ್ಟರು ತೋರಿಸೆಂದು ಮಾತ್ರ ಕೇಳಿ. ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಚೇರಿಗೆ ಹಾಕಿದರೆ ಸಾಕು. ಬಂದುದನ್ನೆಲ್ಲ ಒಟ್ಟುಗೂಡಿಸಿ ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ, ಒಂದು ಪ್ರತಿಯನ್ನು ಆಹಾರ ಇಲಾಖೆಯ ಜಿಲ್ಲಾ ಕಚೇರಿಯ ಮೇಜಿನ ಮೇಲೆ ನಾವೇ ಇಟ್ಟು ರಸೀದಿ ತೆಗೆದುಕೊಳ್ಳುತ್ತೇವೆ.